ಆಸ್ಪತ್ರೆಯಲ್ಲಿ ಒಂದು ರಾತ್ರಿಯ ಸ್ಲೀಪ್ ಸ್ಟಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರು ಸ್ಲೀಪ್ ಸ್ಟಡಿ ಬರೆದುಕೊಟ್ಟಿದ್ದಾರೆ. ಅಲ್ಲಿ ಏನು ಮಾಡುತ್ತಾರೆ?

ನೀವು ಆಸ್ಪತ್ರೆಯ ಒಂದು ಕೋಣೆಯಲ್ಲಿ ರಾತ್ರಿ ಮಲಗುತ್ತೀರಿ. ನಿಮ್ಮ ಮಿದುಳು, ಕಣ್ಣು, ಗದ್ದದ ಸ್ನಾಯು, ಹೃದಯ, ಉಸಿರು, ರಕ್ತದ ಆಮ್ಲಜನಕ, ಕಾಲಿನ ಅಲುಗಾಟ ಎಲ್ಲವೂ ಬೆಳಗಿನವರೆಗೆ ಒಟ್ಟೊಟ್ಟಿಗೆ ದಾಖಲಾಗುತ್ತವೆ. ಪಕ್ಕದ ಕೋಣೆಯಲ್ಲಿ ಟೆಕ್ನೀಷಿಯನ್ ಒಬ್ಬರು ಎಚ್ಚರವಿದ್ದು ಪರದೆ ನೋಡುತ್ತಿರುತ್ತಾರೆ. ಚೀಟಿಯಲ್ಲಿ ಪಾಲಿಸೋಮ್ನೋಗ್ರಫಿ ಎಂದೋ ಪಿಎಸ್‌ಜಿ ಎಂದೋ ಬರೆದಿದ್ದರೆ ಅದೂ ಇದೇ.

ಇಷ್ಟೆಲ್ಲವನ್ನೂ ಒಟ್ಟಿಗೇ ಅಳೆಯುವುದಕ್ಕೆ ಕಾರಣವಿದೆ. ಎರಡು ಗಂಟೆ ಹದಿನೈದು ನಿಮಿಷಕ್ಕೆ ಉಸಿರು ನಿಂತಿತು ಎಂದಷ್ಟೇ ಗೊತ್ತಾದರೆ ಹೆಚ್ಚು ಉಪಯೋಗವಿಲ್ಲ. ಆಗ ನೀವು ನಿದ್ದೆಯ ಯಾವ ಹಂತದಲ್ಲಿದ್ದಿರಿ, ಅಂಗಾತ ಮಲಗಿದ್ದಿರೋ ಮಗ್ಗುಲಿಗೋ, ಎದೆ ಉಸಿರಿಗಾಗಿ ಒದ್ದಾಡುತ್ತಿತ್ತೋ ಅಥವಾ ಸುಮ್ಮನಿತ್ತೋ, ಆಮ್ಲಜನಕ ಎಷ್ಟಕ್ಕೆ ಇಳಿಯಿತು, ಕೊನೆಗೆ ಮಿದುಳು ಎಚ್ಚೆತ್ತು ಉಸಿರು ಮರಳಿತೋ ಎಂಬುದೆಲ್ಲ ಒಂದೇ ಕಾಲರೇಖೆಯಲ್ಲಿ ಕಂಡಾಗಲೇ ಕಾಯಿಲೆಯ ಸ್ವರೂಪ ಗೊತ್ತಾಗುವುದು.

ಬರೀ ಗೊರಕೆಗೆ ಇದೆಲ್ಲ ಬೇಕಾ?

ಬರೀ ಗೊರಕೆಯಾದರೆ ಎಲ್ಲರಿಗೂ ಬೇಕಿಲ್ಲ. ಆದರೆ ಗೊರಕೆ ಇದ್ದಕ್ಕಿದ್ದಂತೆ ನಿಂತು, ಸ್ವಲ್ಪ ಹೊತ್ತು ನಿಶ್ಶಬ್ದವಾಗಿ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಆ ನಿಶ್ಶಬ್ದವೇ ಸ್ಲೀಪ್ ಅಪ್ನಿಯಾದ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆಯ, ಮುಖ್ಯ ಸುಳಿವು. ಜೊತೆಗೆ ಹಗಲು ತೂಕಡಿಕೆ, ಬೆಳಿಗ್ಗೆ ತಲೆನೋವು, ಹಿಡಿತಕ್ಕೆ ಬಾರದ ರಕ್ತದೊತ್ತಡ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಇದ್ದರೆ ಅನುಮಾನ ಬಲವಾಗುತ್ತದೆ.

ಗೊರಕೆಯ ಹೊರತಾದ ಕಾರಣಗಳಿಗೂ ಈ ಪರೀಕ್ಷೆ ಬರೆಯುತ್ತಾರೆ: ನಿದ್ದೆಯಲ್ಲಿ ಕೈಕಾಲು ಬೀಸುವುದು, ಕನಸಿನಲ್ಲಿ ನಡೆದದ್ದನ್ನು ಹಾಸಿಗೆಯಲ್ಲೇ ಮಾಡಿಬಿಡುವುದು, ರಾತ್ರಿ ಬರುವ ಫಿಟ್ಸ್ ಅನುಮಾನ, ಎಷ್ಟು ಮಲಗಿದರೂ ಹಗಲು ನಿದ್ದೆ ಒತ್ತರಿಸಿ ಬರುವುದು.

ನನ್ನ ತೊಂದರೆ ನಿದ್ದೆ ಬಾರದಿರುವುದು. ನನಗೂ ಇದು ಬೇಕಾ?

ಹೆಚ್ಚಿನವರಿಗೆ ಬೇಡ. ನಿದ್ರಾಹೀನತೆಯನ್ನು ವೈದ್ಯರು ಮಾತುಕತೆಯಿಂದ ಮತ್ತು ಒಂದೆರಡು ವಾರದ ನಿದ್ದೆಯ ದಿನಚರಿಯಿಂದಲೇ ಗುರುತಿಸುತ್ತಾರೆ. ಅದರ ಹಿಂದೆ ಅಪ್ನಿಯಾದಂಥ ಬೇರೆ ಕಾರಣವಿರಬಹುದು ಎನಿಸಿದಾಗ, ಅಥವಾ ಚಿಕಿತ್ಸೆಗೆ ಬಗ್ಗದಿದ್ದಾಗ ಮಾತ್ರ ಪರೀಕ್ಷೆ ಬರೆಯುತ್ತಾರೆ.

ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ಇದೆಯಂತೆ. ಕೈಗಡಿಯಾರವೂ ನಿದ್ದೆ ಅಳೆಯುತ್ತದಲ್ಲ?

ಕಿಟ್ ಇದೆ, ಸರಿಯಾದ ರೋಗಿಗೆ ಒಳ್ಳೆಯದೇ. ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವ ಸಾಧ್ಯತೆ ಹೆಚ್ಚಿದ್ದು, ಬೇರೆ ದೊಡ್ಡ ಕಾಯಿಲೆ ಇಲ್ಲದ ವಯಸ್ಕರಿಗೆ ಅದು ಸಾಕಾಗಬಹುದು. ಆದರೆ ಬಹುತೇಕ ಕಿಟ್‌ಗಳಲ್ಲಿ ಮಿದುಳಿನ ತರಂಗ ಅಳೆಯುವ ವ್ಯವಸ್ಥೆ ಇರುವುದಿಲ್ಲ. ಹಾಗಾಗಿ ನೀವು ನಿದ್ದೆ ಮಾಡಿದ್ದೆಷ್ಟು, ಸೂರು ನೋಡುತ್ತ ಬಿದ್ದುಕೊಂಡಿದ್ದೆಷ್ಟು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಎಂಟು ಗಂಟೆ ದಾಖಲಾಗಿ, ಅದರಲ್ಲಿ ನೀವು ನಿದ್ದೆ ಮಾಡಿದ್ದು ಐದೇ ಗಂಟೆಯಾದರೂ, ಉಸಿರುಕಟ್ಟಿದ ಸಂಖ್ಯೆಯನ್ನು ಅದು ಎಂಟರಿಂದ ಭಾಗಿಸುತ್ತದೆ. ತೊಂದರೆ ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಅದಕ್ಕೇ ಕಿಟ್ ನಾರ್ಮಲ್ ಎಂದರೂ ಲಕ್ಷಣಗಳು ಬಲವಾಗಿದ್ದರೆ ಆಸ್ಪತ್ರೆಯ ಪರೀಕ್ಷೆಗೆ ಕಳಿಸುತ್ತಾರೆ. ಹೃದಯ ವೈಫಲ್ಯ, ತೀವ್ರ ಶ್ವಾಸಕೋಶದ ಕಾಯಿಲೆ, ಸ್ನಾಯು ದೌರ್ಬಲ್ಯ ಇರುವವರಿಗೆ, ಪಾರ್ಶ್ವವಾಯು ಆದವರಿಗೆ ಮೊದಲೇ ಆಸ್ಪತ್ರೆಯದ್ದೇ ಸೂಕ್ತ.

ಕೈಗಡಿಯಾರ ಕೈಯ ಅಲುಗಾಟದಿಂದ ಮತ್ತು ನಾಡಿಯಿಂದ ನಿದ್ದೆಯನ್ನು ಅಂದಾಜು ಮಾಡುತ್ತದೆ. ಅದರ ಗ್ರಾಫ್ ತೋರಿಸಲು ತಂದರೆ ಬೇಸರವಿಲ್ಲ, ಆದರೆ ಅದರ ಮೇಲೆ ಯಾರೂ ರೋಗನಿರ್ಣಯ ಮಾಡುವುದಿಲ್ಲ.

ಪರೀಕ್ಷೆಯ ದಿನ ಏನು ಮಾಡಬೇಕು, ಏನು ಬಿಡಬೇಕು?

ತಲೆಗೆ ಸ್ನಾನ ಮಾಡಿ, ಕೂದಲು ಪೂರ್ತಿ ಒಣಗಿಸಿ ಬನ್ನಿ. ಎಣ್ಣೆ, ಕಂಡೀಷನರ್, ಜೆಲ್ ಬೇಡವೇ ಬೇಡ. ಜಿಡ್ಡಿನ ಚರ್ಮಕ್ಕೆ ಎಲೆಕ್ಟ್ರೋಡ್ (ಸಂಕೇತ ಹಿಡಿಯುವ, ವೈರಿನ ತುದಿಯ ಪುಟ್ಟ ಬಿಲ್ಲೆ) ಅಂಟುವುದಿಲ್ಲ; ನಡುರಾತ್ರಿ ಒಂದು ಕಳಚಿಕೊಂಡರೆ ಟೆಕ್ನೀಷಿಯನ್ ಬಂದು ನಿಮ್ಮನ್ನು ಎಬ್ಬಿಸಿ ಮತ್ತೆ ಅಂಟಿಸಬೇಕಾಗುತ್ತದೆ. ಮುಖಕ್ಕೂ ಕಾಲಿಗೂ ಕ್ರೀಮ್ ಹಚ್ಚಬೇಡಿ. ಕನಿಷ್ಠ ಒಂದು ಬೆರಳಿನ ನೇಲ್ ಪಾಲಿಶ್ ಅಥವಾ ಕೃತಕ ಉಗುರು ತೆಗೆದಿರಲಿ, ಆಮ್ಲಜನಕ ಅಳೆಯುವ ಬೆಳಕು ಉಗುರಿನ ಮೂಲಕವೇ ಹಾಯಬೇಕು.

ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಡಿ. ಹಗಲು ನಿದ್ದೆಯೂ ಬೇಡ. ಮದ್ಯವನ್ನಂತೂ ಮುಟ್ಟಬೇಡಿ: ಅದು ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಅಪ್ನಿಯಾವನ್ನು ಹೆಚ್ಚಿಸುತ್ತದೆ, ನಿದ್ದೆಯ ಹಂತಗಳನ್ನೂ ಕಲಕುತ್ತದೆ. ದಿನಾ ಕುಡಿಯುವವರಾದರೆ ಮುಚ್ಚಿಡದೆ ವೈದ್ಯರಿಗೆ ಮೊದಲೇ ತಿಳಿಸಿ, ಏಕಾಏಕಿ ನಿಲ್ಲಿಸುವುದೂ ಅಪಾಯವೇ.

ಸಡಿಲವಾದ, ಎರಡು ತುಂಡಿನ ರಾತ್ರಿಯುಡುಪು ಅನುಕೂಲ, ಏಕೆಂದರೆ ವೈರುಗಳು ಬಟ್ಟೆಯ ಒಳಗಿನಿಂದಲೇ ಹಾಯುತ್ತವೆ. ನಿಮ್ಮದೇ ದಿಂಬು ತಂದರೆ ಇನ್ನೂ ಒಳ್ಳೆಯದು.

ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ನಿಲ್ಲಿಸಬೇಕಾ?

ವೈದ್ಯರು ಹೇಳದೆ ಯಾವುದನ್ನೂ ನಿಲ್ಲಿಸಬೇಡಿ, ಹೊಸದಾಗಿ ಯಾವುದನ್ನೂ ಶುರು ಮಾಡಬೇಡಿ. ಮಾತ್ರೆಗಳನ್ನೂ ಅವುಗಳ ಪಟ್ಟಿಯನ್ನೂ ಜೊತೆಗೆ ತನ್ನಿ. ಖಿನ್ನತೆಯ ಕೆಲವು ಮಾತ್ರೆಗಳು ಕನಸಿನ ಹಂತವನ್ನು ಕಡಿಮೆ ಮಾಡುತ್ತವೆ, ಕಾಲಿನ ಅಲುಗಾಟ ಹೆಚ್ಚಿಸುತ್ತವೆ. ರಿಪೋರ್ಟ್ ಬರೆಯುವವರಿಗೆ ಅದು ಗೊತ್ತಿರಬೇಕು. ನಿದ್ದೆ ಬರಲಿ ಎಂದು ಯಾರದೋ ಮಾತ್ರೆ ಇಸಿದುಕೊಂಡು ನುಂಗಿ ಬರುವವರಿದ್ದಾರೆ. ದಯವಿಟ್ಟು ಬೇಡ.

ಸೂಜಿ ಚುಚ್ಚುತ್ತಾರಾ? ಶಾಕ್ ಹೊಡೆಯುತ್ತದಾ? ಕೂದಲು ಬೋಳಿಸುತ್ತಾರಾ?

ಮೂರೂ ಇಲ್ಲ. ವೈರುಗಳು ನಿಮ್ಮ ದೇಹದಿಂದ ಸಂಕೇತ ತೆಗೆದುಕೊಳ್ಳುತ್ತವೆಯೇ ಹೊರತು ಒಳಗೆ ಏನನ್ನೂ ಕಳಿಸುವುದಿಲ್ಲ. ಚರ್ಮವನ್ನು ಸ್ವಲ್ಪ ಉಜ್ಜಿ ಶುಚಿ ಮಾಡುವಾಗ ಒಂಚೂರು ತರಿತರಿ ಅನಿಸಬಹುದು, ಅಷ್ಟೇ.

ವೈರುಗಳು ಎಲ್ಲೆಲ್ಲಿ, ಯಾಕೆ?

ಅಂಟಿಸಲು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಕು. ಮೊದಲು ಟೇಪಿನಿಂದ ತಲೆಯ ಅಳತೆ ತೆಗೆದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ, ಕಣ್ಣಳತೆಯಲ್ಲಿ ಅಂಟಿಸುವುದಲ್ಲ. ಮೂಗಿನ ಮೇಲಿನ ತಗ್ಗಿನಿಂದ ತಲೆಯ ಹಿಂದಿನ ಗುಬುಟಿನವರೆಗೆ ಅಳೆದು, ಶೇಕಡಾ 10 ಮತ್ತು 20ರ ಅಂತರದಲ್ಲಿ ಜಾಗ ಗುರುತಿಸುವ ಪದ್ಧತಿ 1950ರ ದಶಕದಿಂದ ಇದೆ. ಮುಂಭಾಗ, ನಡುಭಾಗ, ಹಿಂಭಾಗ ಮತ್ತು ಕಿವಿಯ ಹಿಂದಿನ ಮೂಳೆಯ ಮೇಲೆ ಎಲೆಕ್ಟ್ರೋಡ್ ಕೂರುತ್ತದೆ. ನಿದ್ದೆಯ ಹಂತಗಳು ಬೇರೆ ಬೇರೆ ಜಾಗದಲ್ಲಿ ಸ್ಪಷ್ಟವಾಗುತ್ತವೆ: ಗಾಢ ನಿದ್ದೆಯ ದೊಡ್ಡ ನಿಧಾನದ ಅಲೆಗಳು ಮುಂಭಾಗದಲ್ಲಿ, ಕಣ್ಣು ಮುಚ್ಚಿದ ಎಚ್ಚರದ ಆಲ್ಫಾ ಅಲೆಗಳು ಹಿಂಭಾಗದಲ್ಲಿ.

ಕಣ್ಣುಗಳ ಪಕ್ಕ ಒಂದೊಂದು. ಕನಸಿನ ಹಂತದಲ್ಲಿ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಚಿಮ್ಮುತ್ತವೆ. ಷಿಕಾಗೋದಲ್ಲಿ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದನ್ನು 1953ರಲ್ಲಿ ಪ್ರಕಟಿಸಿದರು. ಆ ಹಂತಕ್ಕೆ ರೆಮ್ (ರ‍್ಯಾಪಿಡ್ ಐ ಮೂವ್‌ಮೆಂಟ್, ಕಣ್ಣಿನ ಚುರುಕು ಚಲನೆ) ಎಂಬ ಹೆಸರು ಬಂದದ್ದು ಈ ಚಲನೆಯಿಂದಲೇ. ಗದ್ದದ ಮೇಲಿನವು ಇದಕ್ಕೆ ಜೋಡಿ. ರೆಮ್ ನಿದ್ದೆಯಲ್ಲಿ ದೇಹದ ಸ್ನಾಯುಗಳು ಸಡಿಲಬಿದ್ದು ಗದ್ದದ ಗೆರೆ ಬಹುತೇಕ ಸಪಾಟಾಗಬೇಕು. ಆಗದೆ ಸ್ನಾಯು ಬಿಗಿಯಾಗಿಯೇ ಉಳಿದರೆ, ಕನಸು ಕಾಣುತ್ತ ಒದೆಯುವ, ಕೂಗುವ ಕಾಯಿಲೆಗೆ ಅದು ಪುರಾವೆ.

ಮೂಗಿನ ಬಳಿ ಎರಡು ಸಾಧನ: ಒಂದು ಗಾಳಿಯ ಒತ್ತಡವನ್ನು, ಇನ್ನೊಂದು ಒಳ ಹೊರ ಹೋಗುವ ಗಾಳಿಯ ಬಿಸಿಯನ್ನು ಗಮನಿಸುತ್ತದೆ. ನಿಜ ಹೇಳಬೇಕೆಂದರೆ ಇಡೀ ಸರಂಜಾಮಿನಲ್ಲಿ ಹೆಚ್ಚು ಕಿರಿಕಿರಿ ಇದರದ್ದೇ. ಎದೆಗೆ, ಹೊಟ್ಟೆಗೆ ಒಂದೊಂದು ಪಟ್ಟಿ ಬಿಗಿಯುತ್ತಾರೆ. ಗಾಳಿ ನಿಂತಾಗಲೂ ಈ ಪಟ್ಟಿಗಳು ಹಿಗ್ಗಿ ಕುಗ್ಗುತ್ತಿದ್ದರೆ ಗಂಟಲು ಮುಚ್ಚಿಕೊಂಡಿದೆ, ದೇಹ ಒದ್ದಾಡುತ್ತಿದೆ ಎಂದರ್ಥ. ಪಟ್ಟಿಗಳೂ ನಿಶ್ಚಲವಾಗಿದ್ದರೆ ಉಸಿರಾಡು ಎಂಬ ಅಪ್ಪಣೆಯೇ ಮಿದುಳಿನಿಂದ ಬರಲಿಲ್ಲ. ಮೊದಲನೆಯದು ಅಬ್‌ಸ್ಟ್ರಕ್ಟಿವ್, ಎರಡನೆಯದು ಸೆಂಟ್ರಲ್. ಚಿಕಿತ್ಸೆ ಇಲ್ಲಿಂದಲೇ ಬೇರೆಯಾಗುತ್ತದೆ.

ಉಳಿದದ್ದು ಎದೆಯ ಮೇಲೆ ಇಸಿಜಿ, ಮೊಣಕಾಲಿನ ಕೆಳಗೆ ಎರಡೂ ಕಾಲಿಗೆ, ಬೆರಳಿಗೆ ಆಕ್ಸಿಮೀಟರ್, ಗೊರಕೆಗೆ ಪುಟ್ಟ ಮೈಕ್, ಮಗ್ಗುಲು ತಿಳಿಯಲು ಒಂದು ಸೆನ್ಸರ್.

ಎಲ್ಲ ಅಂಟಿಸಿದ ಮೇಲೆ ಸ್ಪೀಕರಿನಲ್ಲಿ ‘ಕಣ್ಣು ಎಡಕ್ಕೆ, ಬಲಕ್ಕೆ, ಹಲ್ಲು ಕಚ್ಚಿ, ಉಸಿರು ಹಿಡಿಯಿರಿ’ ಎನ್ನುತ್ತಾರಂತೆ?

ಹೌದು, ಒಂದೊಂದು ವೈರೂ ಸರಿಯಾಗಿ ಸಂಕೇತ ಕೊಡುತ್ತಿದೆಯೇ ಎಂದು ನೋಡಿಕೊಳ್ಳುವ ಕ್ರಮ. ಐದಾರು ನಿಮಿಷದ ಕೆಲಸ. ಸುಳ್ಳು ಗೊರಕೆ ಹೊಡೆಯಿರಿ ಎಂದೂ ಹೇಳುತ್ತಾರೆ, ನಾಚಿಕೆ ಬೇಡ.

ಇಷ್ಟು ವೈರು ಕಟ್ಟಿಕೊಂಡು ಅಪರಿಚಿತ ಜಾಗದಲ್ಲಿ ನಿದ್ದೆ ಬಂದೀತೇ? ಬರದಿದ್ದರೆ ಪರೀಕ್ಷೆ ದಂಡವೇ?

ಪರೀಕ್ಷೆಗೆ ಬರುವವರೆಲ್ಲರ ದೊಡ್ಡ ಆತಂಕ ಇದು. ಚೆನ್ನಾಗಿ ನಿದ್ದೆ ಮಾಡಿ ತೋರಿಸುವುದು ನಿಮ್ಮ ಜವಾಬ್ದಾರಿ ಅಲ್ಲ. ಮನೆಯಲ್ಲಿ ಮಲಗಿದಂತೆ ಇಲ್ಲಿ ಮಲಗುತ್ತೀರಿ ಎಂದು ರಿಪೋರ್ಟ್ ಓದುವವರೂ ನಿರೀಕ್ಷಿಸುವುದಿಲ್ಲ.

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಈ ಕ್ಷೇತ್ರದಲ್ಲಿ 1960ರ ದಶಕದಿಂದಲೂ ಗೊತ್ತಿರುವ ವಿಷಯ. ಹಾಸಿಗೆ ಸೇರಿ ನಿದ್ದೆ ಹತ್ತಲು ತಡ, ನಡುವೆ ಎಚ್ಚರ ಜಾಸ್ತಿ, ಕನಸಿನ ಹಂತ ಕಡಿಮೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೊಗಸಾದ ಸಂಗತಿ ಕಂಡಿತು: ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡ ಅರ್ಧ ಬಲ ಅರ್ಧದಷ್ಟು ಆಳಕ್ಕೆ ಇಳಿಯುವುದಿಲ್ಲ, ವಿಚಿತ್ರ ಸದ್ದಿಗೆ ಬೇಗ ಪ್ರತಿಕ್ರಿಯಿಸುತ್ತದೆ. ಮಿದುಳೇ ಅರ್ಧ ಕಾವಲಿಗೆ ನಿಂತಿರುವಾಗ ನಿಮ್ಮನ್ನು ನೀವು ಬೈದುಕೊಂಡು ಪ್ರಯೋಜನವಿಲ್ಲ.

ಅಪ್ನಿಯಾ ಲೆಕ್ಕ ಗಂಟೆಗೆ ಇಷ್ಟು ಎಂಬ ಸರಾಸರಿ. ನಾಲ್ಕೈದು ಗಂಟೆಯ ಹರಿದ ನಿದ್ದೆಯಿಂದಲೂ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ತೀವ್ರ ಅಪ್ನಿಯಾ ಇದ್ದರೆ ಎರಡು ಗಂಟೆಯಲ್ಲೇ ಸ್ಪಷ್ಟವಾಗಿಬಿಡುತ್ತದೆ. ಇನ್ನೂ ಒಂದು ವಿಷಯ. ‘ಇಡೀ ರಾತ್ರಿ ಕಣ್ಣು ಮುಚ್ಚಲಿಲ್ಲ’ ಎಂದು ಬೆಳಿಗ್ಗೆ ಹೇಳುವ ಎಷ್ಟೋ ಜನರ ದಾಖಲೆಯಲ್ಲಿ ಗಂಟೆಗಟ್ಟಲೆ ನಿದ್ದೆ ಇರುತ್ತದೆ. ಹಗುರ ನಿದ್ದೆಯಿಂದ ಎಬ್ಬಿಸಿದರೆ ‘ನಾನು ಎಚ್ಚರವಾಗೇ ಇದ್ದೆ’ ಎನ್ನುವುದು ಮನುಷ್ಯ ಸಹಜ.

ದಿಟವಾಗಿಯೂ ತೀರ ಕಡಿಮೆ ನಿದ್ದೆಯಾಗಿದ್ದರೆ, ಅಥವಾ ರೆಮ್ ಹಂತ ಬರಲೇ ಇಲ್ಲವಾದರೆ, ಇನ್ನೊಂದು ರಾತ್ರಿ ಬನ್ನಿ ಎನ್ನಬಹುದು. ಅಪರೂಪ.

ರಾತ್ರಿ ಮೂತ್ರಕ್ಕೆ ಏಳಬೇಕಾದರೆ?

ಕರೆಯಿರಿ ಸಾಕು, ಕೋಣೆಯಲ್ಲಿ ಮೈಕ್ ಇದೆ. ಎಲ್ಲ ವೈರುಗಳೂ ಒಂದು ಸಣ್ಣ ಪೆಟ್ಟಿಗೆಗೆ ಸೇರಿರುತ್ತವೆ. ಅದನ್ನು ಗೋಡೆಯ ಸಂಪರ್ಕದಿಂದ ಬಿಡಿಸಿ ಕೊರಳಿಗೆ ಹಾಕಿಕೊಟ್ಟರೆ ನೀವೇ ನಡೆದು ಹೋಗಬಹುದು. ತೊಂದರೆ ಕೊಟ್ಟಂತಾಗುತ್ತದೆ ಎಂದು ಬೆಳಗಿನವರೆಗೆ ತಡೆದುಕೊಂಡು ಮಲಗುವವರಿದ್ದಾರೆ, ಅದರಿಂದ ಕೆಡುವುದು ಅವರದೇ ನಿದ್ದೆ.

ಕ್ಯಾಮೆರಾ ಯಾಕೆ? ಯಾರು ನೋಡುತ್ತಾರೆ?

ಕತ್ತಲಲ್ಲಿ ಕೆಲಸ ಮಾಡುವ ಇನ್‌ಫ್ರಾರೆಡ್ ಕ್ಯಾಮೆರಾ ಅದು. ಕೈ ಎತ್ತಿದ್ದು ಕನಸಿನ ಹೊಡೆದಾಟಕ್ಕೋ, ಫಿಟ್ಸ್‌ಗೋ, ಹೊದಿಕೆ ಎಳೆದುಕೊಳ್ಳಲಿಕ್ಕೋ ಎಂಬುದು ಗೆರೆಗಳಿಂದ ಮಾತ್ರ ತಿಳಿಯುವುದಿಲ್ಲ. ನಿಮ್ಮ ವೈದ್ಯಕೀಯ ಕಡತದ ಭಾಗವಾಗಿ ಟೆಕ್ನೀಷಿಯನ್ ಮತ್ತು ವೈದ್ಯರು ಅದನ್ನು ನೋಡುತ್ತಾರೆ. ಬಟ್ಟೆ ಬದಲಿಸಿಕೊಳ್ಳುವುದು ದಾಖಲೆ ಶುರುವಾಗುವ ಮೊದಲು. ವೈರು ಅಂಟಿಸಲು ಮಹಿಳಾ ಟೆಕ್ನೀಷಿಯನ್ ಬೇಕಿದ್ದರೆ ದಿನಾಂಕ ಗೊತ್ತುಪಡಿಸುವಾಗಲೇ ಕೇಳಿ. ಆ ರಾತ್ರಿ ಬಂದು ಕೇಳಿದರೆ ಪಾಳಿಯಲ್ಲಿ ಯಾರಿದ್ದಾರೋ ಅವರೇ.

ನಡುರಾತ್ರಿ ಎಬ್ಬಿಸಿ ಮುಖಕ್ಕೆ ಮಾಸ್ಕ್ ಹಾಕುತ್ತಾರಂತೆ, ಪರಿಸ್ಥಿತಿ ಕೈಮೀರಿದೆ ಎಂದೇ?

ಅಲ್ಲ. ಮೊದಲ ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚಿನ ನಿದ್ದೆಯಲ್ಲೇ ಅಪ್ನಿಯಾ ತೀವ್ರವಾಗಿದೆ ಎಂದು ಖಚಿತವಾದರೆ, ಉಳಿದ ಅರ್ಧ ರಾತ್ರಿಯನ್ನು ಚಿಕಿತ್ಸೆ ಹೊಂದಿಸಲು ಬಳಸುತ್ತಾರೆ. ಇದನ್ನು ಸ್ಪ್ಲಿಟ್ ನೈಟ್ ಎನ್ನುವುದು. ನಿಮಗೆ ಇನ್ನೊಂದು ರಾತ್ರಿ ಉಳಿಯುತ್ತದೆ.

ಮಾಸ್ಕ್ ಜೋಡಿಸಿರುವುದು ಸಿಪ್ಯಾಪ್ ಯಂತ್ರಕ್ಕೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಕಟಿಸುವವರೆಗೆ ತೀವ್ರ ಅಪ್ನಿಯಾಕ್ಕೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಇದು ಆಮ್ಲಜನಕದ ಮಾಸ್ಕ್ ಅಲ್ಲ, ಕೋಣೆಯ ಗಾಳಿಯನ್ನೇ ಹದವಾದ ಒತ್ತಡದಲ್ಲಿ ಒಳಕಳಿಸಿ ಗಂಟಲು ಕುಸಿಯದಂತೆ ತೆರೆದಿಡುತ್ತದೆ. ಒತ್ತಡ ಸಾಮಾನ್ಯವಾಗಿ 4 ಸೆಂಟಿಮೀಟರ್ ನೀರಿನ ಮಟ್ಟದಿಂದ ಶುರು. ಅಪ್ನಿಯಾ, ಆಮೇಲೆ ಗೊರಕೆ ಅಡಗುವವರೆಗೆ ಟೆಕ್ನೀಷಿಯನ್ ಹೊರಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ನೀವು ಅಂಗಾತ ಮಲಗಿ ರೆಮ್ ನಿದ್ದೆಯಲ್ಲಿದ್ದಾಗಲೂ ಆ ಒತ್ತಡ ಸಾಕಾಯಿತೇ ಎಂಬುದೇ ಅಸಲಿ ಒರೆಗಲ್ಲು.

ಮುಖ ಮುಚ್ಚಿದರೆ ಉಸಿರುಗಟ್ಟಿದಂತಾಗುವ ಸ್ವಭಾವ ನಿಮ್ಮದಾದರೆ ಸಂಜೆಯೇ ಹೇಳಿ. ಎಚ್ಚರವಿರುವಾಗಲೇ ಬೇರೆ ಬೇರೆ ಮಾಸ್ಕ್ ಹಾಕಿ ನೋಡಬಹುದು, ಮೂಗಿನ ಹೊಳ್ಳೆಗಷ್ಟೇ ಕೂರುವಂಥದ್ದೂ ಇದೆ.

ಬೆಳಿಗ್ಗೆ ಫಲಿತಾಂಶ ಹೇಳುತ್ತಾರಾ?

ಇಲ್ಲ. ಟೆಕ್ನೀಷಿಯನ್ ಕಂಡದ್ದನ್ನು ಹೇಳುವ ಹಾಗಿಲ್ಲ. ಅವರ ಮುಖ ನೋಡಿ ಅರ್ಥ ಹುಡುಕಬೇಡಿ, ರಾತ್ರಿಯೆಲ್ಲ ಎದ್ದಿದ್ದ ಮುಖ ಅದು. ಇಡೀ ದಾಖಲೆಯನ್ನು 30 ಸೆಕೆಂಡಿನ ತುಣುಕುಗಳಾಗಿ ಓದಬೇಕು. ಎಂಟು ಗಂಟೆಗೆ 960 ತುಣುಕು. ಪ್ರತಿಯೊಂದಕ್ಕೂ ಎಚ್ಚರವೋ, ಹಗುರದಿಂದ ಗಾಢ ನಿದ್ದೆಯವರೆಗಿನ ಎನ್‌1, ಎನ್‌2, ಎನ್‌3 ಅಥವಾ ರೆಮ್ ಹಂತವೋ ಎಂದು ಗುರುತು ಹಾಕಿ, ಉಸಿರು ಕಟ್ಟಿದ್ದು, ಕಾಲು ಅಲುಗಿದ್ದು ಎಲ್ಲ ಎಣಿಸಿದ ಮೇಲೆ ವೈದ್ಯರು ನೋಡಿ ರಿಪೋರ್ಟ್ ಬರೆಯುತ್ತಾರೆ. ಕೆಲವು ದಿನದಿಂದ ಒಂದೆರಡು ವಾರ ಹಿಡಿಯಬಹುದು.

ಅಂದೇ ಕೆಲಸಕ್ಕೆ ಹೋಗಬಹುದಾ?

ಹೋಗಬಹುದು. ಕೂದಲಿನ ಪೇಸ್ಟ್ ಬಿಸಿನೀರಿಗೆ ಬಿಡುತ್ತದೆ, ಒಂದೇ ತೊಳೆತಕ್ಕೆ ಹೋಗದಿದ್ದರೆ ಎರಡನೆಯದಕ್ಕೆ. ತೂಕಡಿಕೆ ಇದ್ದರೆ ಗಾಡಿ ಓಡಿಸಬೇಡಿ, ಕರೆದುಕೊಂಡು ಹೋಗಲು ಯಾರಾದರೂ ಬರಲಿ. ಹಗಲು ನಿದ್ದೆಗೆಂದೇ ಪರೀಕ್ಷೆಗೆ ಬಂದವರಿಗೆ ಈ ಮಾತು ಎರಡು ಪಟ್ಟು ಅನ್ವಯ.

ರಿಪೋರ್ಟಿನಲ್ಲಿ ಮೊದಲು ಏನು ನೋಡಬೇಕು?

ಎಲ್ಲರ ಕಣ್ಣು ಹೋಗುವುದು ಎಎಚ್‌ಐ ಎಂಬ ಅಂಕಿಗೆ. ನಿದ್ದೆಯ ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಗಣನೀಯವಾಗಿ ತಗ್ಗಿತು ಎಂಬ ಲೆಕ್ಕ ಅದು. ಕನಿಷ್ಠ 10 ಸೆಕೆಂಡ್ ಇದ್ದರೆ ಮಾತ್ರ ಎಣಿಕೆಗೆ ಬರುತ್ತದೆ. ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಸಾಮಾನ್ಯ, 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಆದರೆ ಈ ಒಂದು ಅಂಕಿಗೆ ಜೋತುಬೀಳಬೇಡಿ. ಆರು ಗಂಟೆಯ ನಿದ್ದೆಯಲ್ಲಿ ಎರಡು ಗಂಟೆ ಅಂಗಾತ ಮಲಗಿದ್ದಾಗ 60 ಸಲ, ಉಳಿದ ನಾಲ್ಕು ಗಂಟೆ ಮಗ್ಗುಲಲ್ಲಿದ್ದಾಗ 12 ಸಲ ಉಸಿರು ಕಟ್ಟಿತು ಎನ್ನಿ. ಒಟ್ಟು 72, ಎಎಚ್‌ಐ 12, ಹಣೆಪಟ್ಟಿ ‘ಸೌಮ್ಯ’. ಬಿಡಿಸಿ ನೋಡಿದರೆ ಅಂಗಾತ ಇದ್ದಾಗ ಗಂಟೆಗೆ 30, ಮಗ್ಗುಲಲ್ಲಿ ಬರೀ 3. ಇಂಥವರಿಗೆ ಅಂಗಾತ ಹೊರಳದಂತೆ ತಡೆಯುವ ಉಪಾಯವೇ ದೊಡ್ಡ ಚಿಕಿತ್ಸೆಯಾಗಬಹುದು. ಪರೀಕ್ಷೆಯ ರಾತ್ರಿ ಆತ ಪೂರ್ತಿ ಮಗ್ಗುಲಲ್ಲೇ ಮಲಗಿದ್ದರೆ ರಿಪೋರ್ಟ್ ‘ನಾರ್ಮಲ್’ ಎನ್ನುತ್ತಿತ್ತು! ಅದಕ್ಕೇ ಮಗ್ಗುಲಿನ ಕೋಷ್ಟಕ, ರೆಮ್ ಹಂತದ ಪ್ರತ್ಯೇಕ ಅಂಕಿ ಎರಡನ್ನೂ ವೈದ್ಯರ ಬಳಿ ಕೇಳಿ ತಿಳಿದುಕೊಳ್ಳಿ.

ಆಮ್ಲಜನಕ ಅತಿ ಕಡಿಮೆ ಎಷ್ಟಕ್ಕೆ ಇಳಿಯಿತು ಎಂಬುದಕ್ಕಿಂತ, ಶೇಕಡಾ 90ರ ಕೆಳಗೆ ಎಷ್ಟು ಹೊತ್ತು ಇತ್ತು ಎಂಬುದು ನನ್ನ ಲೆಕ್ಕದಲ್ಲಿ ಹೆಚ್ಚು ಮಾತಾಡುತ್ತದೆ. ಬೆರಳಿನ ಸೆನ್ಸರ್ ಒಂದು ಕ್ಷಣ ಜಾರಿದರೂ ಅತಿ ಕಡಿಮೆ ಅಂಕಿ ಕೆಟ್ಟು ಕೂರಬಹುದು.

ಎರಡು ಕಡೆ ಮಾಡಿಸಿದ ರಿಪೋರ್ಟ್‌ಗಳ ಎಎಚ್‌ಐ ಹೊಂದದಿದ್ದರೆ ಗಾಬರಿ ಬೇಡ. ಉಸಿರು ತಗ್ಗಿದ್ದನ್ನು ಎಣಿಸಲು ಆಮ್ಲಜನಕ ಶೇಕಡಾ 3 ಇಳಿಯಬೇಕು, ಅಥವಾ ಮಿದುಳು ಎಚ್ಚೆತ್ತಿರಬೇಕು ಎನ್ನುವುದು ಒಂದು ನಿಯಮ. ಶೇಕಡಾ 4 ಇಳಿಯಲೇಬೇಕು ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಅಂಕಿ ಕಡಿಮೆ ಬರುತ್ತದೆ. ಯಾವ ನಿಯಮ ಬಳಸಿದ್ದಾರೆ ಎಂದು ಸಾಮಾನ್ಯವಾಗಿ ರಿಪೋರ್ಟಿನಲ್ಲೇ ಬರೆದಿರುತ್ತದೆ.

ನಿದ್ದೆಯ ದಕ್ಷತೆ (ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯಾದ ಪಾಲು) ಶೇಕಡಾ 85ಕ್ಕಿಂತ ಕಡಿಮೆ ಎಂದು ಓದಿ ಬೇಸರಪಡಬೇಡಿ. ಮೊದಲ ರಾತ್ರಿಯ ವಿಷಯ ಮೇಲೆಯೇ ಹೇಳಿದೆ.

ರಿಪೋರ್ಟ್ ನಾರ್ಮಲ್. ಆದರೂ ಹಗಲೆಲ್ಲ ಸುಸ್ತು. ಈಗ?

ಸುಸ್ತು ಸುಳ್ಳು ಎಂದಲ್ಲ, ಆ ರಾತ್ರಿ ಕಾರಣ ಸಿಗಲಿಲ್ಲ ಎಂದಷ್ಟೇ. ಸಾಕಷ್ಟು ಹೊತ್ತು ಮಲಗದಿರುವುದೇ ಕಾರಣವಾಗಿದ್ದರೆ ಈ ಪರೀಕ್ಷೆ ಅದನ್ನು ತೋರಿಸುವುದಿಲ್ಲ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಮಾತ್ರೆಗಳ ಪರಿಣಾಮ ನೋಡಬೇಕಾಗುತ್ತದೆ. ಅಂಗಾತ ಮಲಗಿದ್ದೆಷ್ಟು, ರೆಮ್ ಎಷ್ಟಿತ್ತು ಎಂದೂ ಕೇಳಿ.

ಮರುದಿನ ಹಗಲೂ ಉಳಿಯಿರಿ ಎಂದಿದ್ದಾರೆ, ಯಾಕೆ?

ನಾರ್ಕೊಲೆಪ್ಸಿ, ಅಂದರೆ ಹಗಲು ತಡೆಯಲಾರದಂತೆ ನಿದ್ದೆ ಒತ್ತರಿಸಿ ಬರುವ ಕಾಯಿಲೆಯ ಅನುಮಾನವಿದ್ದಾಗ ಮಾಡುವ ಇನ್ನೊಂದು ಪರೀಕ್ಷೆ. ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಕತ್ತಲ ಕೋಣೆಯಲ್ಲಿ ಮಲಗಲು ಅವಕಾಶ ಕೊಟ್ಟು, ನಿದ್ದೆ ಹತ್ತಲು ಎಷ್ಟು ನಿಮಿಷ, ನೇರ ರೆಮ್ ಹಂತಕ್ಕೇ ಜಾರುತ್ತೀರಾ ಎಂದು ನೋಡುತ್ತಾರೆ. ಸರಾಸರಿ 8 ನಿಮಿಷ ಅಥವಾ ಕಡಿಮೆ ಇದ್ದು, ಎರಡು ಸಲವಾದರೂ ಬೇಗ ರೆಮ್ ಕಂಡರೆ ಅನುಮಾನ ಗಟ್ಟಿ. ಕೆಲವು ಮಾತ್ರೆಗಳನ್ನು ವಾರಗಳ ಮೊದಲೇ, ವೈದ್ಯರ ನಿಗಾದಲ್ಲಿ ನಿಲ್ಲಿಸಬೇಕಾಗುತ್ತದೆ. ಹಗಲು ಕಾಯುವುದು ಬೇಸರದ ಕೆಲಸ, ಓದಲು ಏನಾದರೂ ತನ್ನಿ.

ಮಗುವಿಗೆ ಮಾಡಿಸಬಹುದಾ?

ಖಂಡಿತ. ಅಪ್ಪನೋ ಅಮ್ಮನೋ ಅದೇ ಕೋಣೆಯಲ್ಲಿ ಇರುತ್ತಾರೆ. ಮಕ್ಕಳ ಅಳತೆಗೋಲು ಬೇರೆ: ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಉಸಿರು ಕಟ್ಟಿದರೂ ಅಸಹಜ ಎಂದೇ ಎಣಿಸುತ್ತಾರೆ, ಕಾರಣ ಹೆಚ್ಚಾಗಿ ಊದಿಕೊಂಡ ಟಾನ್ಸಿಲ್ ಮತ್ತು ಅಡಿನಾಯ್ಡ್. ಅಪ್ನಿಯಾ ಇರುವ ಮಗು ತೂಕಡಿಸುವ ಬದಲು ಚಡಪಡಿಸುವುದೂ, ಹಟ ಮಾಡುವುದೂ ಉಂಟು. ಮನೆಯಲ್ಲಿ ಒಂದೆರಡು ದಿನ ಬೊಂಬೆಯ ಮುಖಕ್ಕೆ ಟೇಪ್ ಅಂಟಿಸಿ ಆಡಿಸಿದ್ದರೆ ಆ ರಾತ್ರಿ ಅಳು ಕಡಿಮೆ.

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತೇನೆ, ಹಗಲು ಮಲಗುವವನು. ಹೇಗೆ?

ಮೊದಲೇ ತಿಳಿಸಿ. ಕೆಲವು ಕೇಂದ್ರಗಳು ನಿಮ್ಮ ಮಲಗುವ ಹೊತ್ತಿಗೇ ಪರೀಕ್ಷೆ ಇಡುತ್ತವೆ.

ಮುಂದೆ ಮತ್ತೆ ಮಾಡಿಸಬೇಕಾಗುತ್ತದಾ?

ಸಿಪ್ಯಾಪ್ ಹೊಂದಿಕೊಂಡು ಹಗಲು ಲವಲವಿಕೆಯಿದ್ದರೆ ಸಾಮಾನ್ಯವಾಗಿ ಇಲ್ಲ. ಬಳಸಿದ ಗಂಟೆ, ಉಳಿದ ಅಪ್ನಿಯಾ ಎಷ್ಟು ಎಂಬುದನ್ನು ಈಗಿನ ಯಂತ್ರಗಳೇ ದಾಖಲಿಸಿಕೊಳ್ಳುತ್ತವೆ. ತೂಕದಲ್ಲಿ ದೊಡ್ಡ ಏರಿಳಿತವಾದರೆ, ಲಕ್ಷಣಗಳು ಮರಳಿದರೆ, ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಅಥವಾ ದವಡೆ ಮುಂದೆ ತರುವ ಹಲ್ಲಿನ ಸಾಧನ ಹಾಕಿಸಿಕೊಂಡ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮತ್ತೊಮ್ಮೆ ಕರೆಯಬಹುದು. ಗೊರಕೆ ನಿಂತಿತು ಎಂಬುದೊಂದೇ ಸಾಕ್ಷಿಯಾಗುವುದಿಲ್ಲ, ಸದ್ದಿಲ್ಲದೆಯೂ ಉಸಿರು ಕಟ್ಟುತ್ತಿರಬಹುದು.